ಗುರುವಾರದ ಗಾಳಿ

ಬೆನ್ನಿಗೆ ಕಟ್ಟಿಕೊಂಡ ಗಾಳಿಗೆ ಹನ್ನೊಂದು ಕಿಲೋ ತೂಕ.
ಪೆಟ್ರೋಲು ಕುಡಿದು ಒದರುತ್ತದೆ. ನಾನು ನಡೆದಲ್ಲೆಲ್ಲ
ಎಲೆಗಳು ಎದ್ದು ಓಡುತ್ತವೆ, ಕೋಳಿಮರಿಗಳ ಹಾಗೆ.
ಹತ್ತೊಂಬತ್ತು ವರ್ಷವಾಯಿತು, ಟೂಸಾನಿನ ಈ ಬೀದಿಯಲ್ಲಿ
ಪ್ರತಿ ಗುರುವಾರ ಬೆಳಿಗ್ಗೆ ಆರಕ್ಕೆ
ಜಲ್ಲಿಯಿಂದ ಎಲೆ ಬಿಡಿಸುವುದು ನನ್ನ ಕಸುಬು.

ಮೆಸ್ಕೀಟ್ ಜಾಲಿಯ ಎಲೆಯೆಂದರೆ ಎಲೆಯೇ ಅದು?
ಕತ್ತರಿಸಿದ ಉಗುರಿನ ಚೂರು, ಅಕ್ಕಿನುಚ್ಚು.
ಜಲ್ಲಿಯ ಸಂದಿಗೆ ಬಿದ್ದರೆ
ದೇವರೇ ಕುಂಟೆ ಹಿಡಿದು ಬಂದರೂ ತೆಗೆಯಲಾರ.
ನಾನು ತೆಗೆಯುತ್ತೇನೆ, ಗಂಟೆಗೆ ಹದಿನಾರು ಡಾಲರಿಗೆ.
ಜೊತೆಗೆ ಮೇಲುಮಣ್ಣೂ ಎದ್ದು ಹೋಗುತ್ತದೆ;
ಅದರ ಲೆಕ್ಕ ಯಾರೂ ಕೇಳಿಲ್ಲ.

ಹದಿನಾಲ್ಕನೇ ಮನೆಯ ಆರ್ಡಿತ್ ಕೊವಾಲ್ಚಿಕ್,
ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದಾಕೆ,
ಮೇ ತಿಂಗಳಲ್ಲೊಮ್ಮೆ ಅಡ್ಡ ಕೈ ಚಾಚಿ ನಿಂತಳು,
ಮಕ್ಕಳನ್ನು ರಸ್ತೆ ದಾಟಿಸುವಂತೆ.
"ರೆಫೂಹಿಯೋ, ನನ್ನ ಮರದ ಕೆಳಗೆ ಬೇಡ."
ಯಂತ್ರ ಆರಿಸಿದೆ. ಕಿವಿಯೊಳಗೆ ಅದು ಆರಲಿಲ್ಲ.
"ಸಂಘದವರು ಕೇಳಿದರೆ?"
"ಸಂಘಕ್ಕೆ ನೆರಳಿಲ್ಲ," ಎಂದಳು. "ಊಟದ ಹೊತ್ತಿಗೆ ಬಾ."

ಹೋದೆ. ಮಾಂಸಕ್ಕೆ ಚುಚ್ಚುವ ಥರ್ಮಾಮೀಟರು ತಂದಳು.
ಪಕ್ಕದ ಮನೆಯ ಜಲ್ಲಿಗೆ ಚುಚ್ಚಿದಳು: ಅರವತ್ತೆರಡು.
ತನ್ನ ತರಗಿನೊಳಕ್ಕೆ ಚುಚ್ಚಿದಳು: ಮೂವತ್ತನಾಲ್ಕು.
"ಇದಿನ್ನೂ ಬೆಂದಿಲ್ಲ ನೋಡು."

ಮಣಿಕಟ್ಟಿನವರೆಗೆ ಕೈ ಇಳಿಸಿದೆ.
ಒಳಗೆ ಮಾರ್ಚ್ ತಿಂಗಳು ಇನ್ನೂ ಮುಗಿದಿರಲಿಲ್ಲ.
ಒದ್ದೆ ಅಂತಲ್ಲ; ನಿದ್ದೆಹೋದವರ ಅಂಗೈಯಂಥ ತಂಪು.
ಯಾವುದೋ ಬಹಳ ಕಾಲುಗಳದ್ದು ಬೆರಳು ಹತ್ತಿ,
ವಿಳಾಸ ತಪ್ಪಿತೆಂದು ಇಳಿದು ಹೋಯಿತು.

ಕೈ ಎಳೆದುಕೊಂಡೆ. ಹೇಳಲೇಬೇಕಾಯಿತು:
ಮಗ್ದಲೇನಾದ ನಮ್ಮ ಅಂಗಳದಲ್ಲಿ ಒಂದೂ ಎಲೆಯಿರಲಿಲ್ಲ.
ಅಮ್ಮ ದಿನಕ್ಕೆರಡು ಸಲ ಗುಡಿಸುತ್ತಿದ್ದಳು,
ನೆಲದ ಮೇಲೆ ಪೊರಕೆಯ ಗೆರೆಗಳು ಉಳಿಯುವಂತೆ.
ಎಲೆಯಿದ್ದಲ್ಲಿ ಚೇಳು.
ತಮ್ಮ ಬೆನಿಗ್ನೋನ ಕಾಲು ಮೂರು ದಿನ ನೀಲಿಯಾಗಿತ್ತು.
ಆರ್ಡಿತ್ ಕೇಳಿಸಿಕೊಂಡಳು, ಪೂರ್ತಿ.
ಆಮೇಲೆ ಅಂದಳು: "ಹಾಗಾದರೆ ಬೂಟು ಹಾಕಿಕೋ."

ನಾನೂ ನನಗೆ ಗೊತ್ತಿದ್ದಷ್ಟು ಹೇಳಿಕೊಟ್ಟೆ:
ಗೋಡೆಯಿಂದ ಒಂದು ಮೊಳ ಬಿಡಬೇಕು,
ಗೆದ್ದಲಿಗೆ ಮನೆಯ ದಾರಿ ತೋರಿಸಬಾರದು.
ಕಾಂಡದ ಕೊರಳಿಗೆ ಒತ್ತಬಾರದು, ಕೊಳೆಯುತ್ತದೆ.
ಬರೀ ಎಲೆಯಾದರೆ ಹಾರುತ್ತದೆ, ಮೇಲೆ ನಾಲ್ಕು ಕಡ್ಡಿ ಹಾಕು.
ಕಾಯಿಗಳನ್ನು ಬಿಡು, ಕಾಡುಹಂದಿಗಳಿಗೆ.
"ಕಾಡುಹಂದಿ ಬೇಡ," ಎಂದಳು. ಕಾಯಿ ಆರಿಸಿದೆವು.

ಸಂಘದ ಲಿಂಡ್‌ಕ್ವಿಸ್ಟ್ ನೋಟೀಸು ಅಂಟಿಸಿದ:
'ಕಸದ ದಪ್ಪ ಒಂದು ಅಂಗುಲ ಮೀರತಕ್ಕದ್ದಲ್ಲ.'
ಅದರ ಬೆನ್ನಿಗೇ ಆಕೆ ಬರೆದಳು:
'ಯಾವ ತಿಂಗಳಲ್ಲಿ? ಇದು ದಿನಾ ಸವೆಯುತ್ತದೆ, ನಮ್ಮ ಹಾಗೆ.'
ಅವನು ಉತ್ತರಿಸಲಿಲ್ಲ. ದಂಡ ಮಾತ್ರ ಬಂತು, ಐವತ್ತು ಡಾಲರು.
ಕಟ್ಟಿದಳು. ರಸೀದಿಯನ್ನೂ ತರಗಿಗೆ ಸೇರಿಸಿದಳು.

ಅಂದಿನಿಂದ ಹದಿಮೂರರ ಎಲೆ, ಹದಿನೈದರ ಎಲೆ,
ಬೀದಿಕೊನೆಯ ಪಾಲೋ ವರ್ದೆಯ ಹಳದಿ ಹೂವಿನ ಒಣಹುಡಿ
ಹದಿನಾಲ್ಕಕ್ಕೇ ಬರುತ್ತಿದೆ. ಸುಳ್ಳೇಕೆ,
ಚೀಲಕ್ಕಿಷ್ಟೆಂದು ತಿಪ್ಪೆಯವನಿಗೆ ಕೊಡುವ ದುಡ್ಡೂ ಉಳಿಯಿತು.

ಜುಲೈ ಒಂಬತ್ತಕ್ಕೆ ಆಕಾಶ ಹರಿದು ಸುರಿಯಿತು.
ಇಪ್ಪತ್ತೇ ನಿಮಿಷ. ಟ್ರಕ್ಕಿನೊಳಗೆ ಕೂತು ನೋಡಿದೆ:
ಬೀದಿಯುದ್ದ ಜನರು ಕೊಂಡು ತಂದ ಜಲ್ಲಿ
ಚರಂಡಿಯ ಕಡೆ ಹೊರಟಿತ್ತು, ಸಾಮಾನು ಸಮೇತ.
ಹದಿನಾಲ್ಕರ ಬಾಗಿಲಲ್ಲಿ ನೀರು ಒಂದು ಗಳಿಗೆ ತಡೆದು,
ಯಾರೋ ಒಳಗೆ ಕರೆದರೆಂಬಂತೆ, ಒಳಗೆ ಹೋಯಿತು.

ಮರುದಿನ ಕ್ವೇಲ್ ಹಕ್ಕಿಯೊಂದು ಒಂಬತ್ತು ಮರಿಗಳೊಂದಿಗೆ ಬಂದು
ಎಲ್ಲವನ್ನೂ ಕಾಲುದಾರಿಗೆ ಕೆದರಿ ಹಾಕಿತ್ತು.
ಗಾಳಿಯನ್ನು ಟ್ರಕ್ಕಿನಲ್ಲೇ ಬಿಟ್ಟು ಪೊರಕೆ ತಂದೆ.

ಅಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿಲ್ಲ.
ಬುಧವಾರ ರಾತ್ರಿ ಬೂಟುಗಳು ಬಾಗಿಲ ಹೊರಗಿರುತ್ತವೆ.
ಬೆಳಿಗ್ಗೆ ಒಂದೊಂದನ್ನೂ ತಲೆಕೆಳಗು ಹಿಡಿದು
ಎರಡು ಸಲ ಕೊಡವುತ್ತೇನೆ, ಕಾಲು ಹಾಕುವ ಮೊದಲು.